ದಿಲೀಪನ ಎಡೆ

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ನನ್ನ ತಮ್ಮ ದೇವರಾಜ ಫೋನು ಮಾಡಿದ. "ಅಕ್ಕ, ಈ ಸಲ ಇರೀಕರ ಅಬ್ಬಕ್ಕೆ ದಿಲೀಪಂಗೂ ಒಂದು ಎಡೆ ಇಕ್ತೀವಿ. ನೀನು ಬಂದ್ಬುಡು" ಅಂದ. ನಾಮಕರಣಕ್ಕೆ ಕರೆಯುವವರು ಹಾಗೆ ಕರೆಯುತ್ತಾರೆ. ನನ್ನ ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ಕುಕ್ಕಿದ ರಭಸಕ್ಕೆ ಹಾಲು ಚೆಲ್ಲಿ ಒಲೆ ಆರಿಹೋಯಿತು.

"ಯಾರಿಗೋ?"

"ದಿಲೀಪಂಗೆ ಕಣಕ್ಕ."

"ಥೂ ನಿನ್ನ ಬಾಯಿಗಿಷ್ಟು ಮಣ್ಣಾಕ! ಬದುಕಿರೋ ಮಗನಿಗೆ ಎಡೆ ಇಡ್ತೀಯೇನೋ?"

"ಬದುಕವ್ನೆ ಅಂತ ನಿಂಗ್ಯಾರು ಏಳವ್ರೆ?" ಅಂದ. ನಾನೇ ಫೋನು ಇಟ್ಟೆ.

ನಾನು ಅನಸೂಯಮ್ಮ. ಅರಕಲಗೂಡು, ಹೊಳೆನರಸೀಪುರ, ಕೊನೆಗೆ ಚನ್ನರಾಯಪಟ್ಟಣ ಅಂತ ವರ್ಗವಾದ ಕಡೆಯೆಲ್ಲ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ಮಕ್ಕಳು ಬೆನ್ನ ಹಿಂದೆ ನನ್ನನ್ನು ಪಟಾಕಿ ಮಿಸ್ ಅನ್ನುತ್ತಿದ್ದರು. ನನಗೆ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಪಟ್ಟಣದಲ್ಲೇ ಉಳಿದಿದ್ದೇನೆ. ತವರುಮನೆ ದಂಡಿಗನಹಳ್ಳಿ ಹೋಬಳಿಯಲ್ಲಿ, ಬಸ್ಸಿನಲ್ಲಿ ಕೂತರೆ ಒಂದು ನಿದ್ದೆಗೂ ಸಾಲದಷ್ಟು ದೂರ.

ದಿಲೀಪ ದೇವರಾಜನ ಒಬ್ಬನೇ ಮಗ. ಚಿಕ್ಕಂದಿನಿಂದ ಅವನಿಗೆ ಮಿಲಿಟರಿಯ ಹುಚ್ಚು. ಕೋಳಿ ಕೂಗುವ ಮೊದಲೇ ಎದ್ದು ಹೆದ್ದಾರಿಯ ಪಕ್ಕದಲ್ಲಿ ಓಡುತ್ತಿದ್ದ. ಹಾಸನದಲ್ಲಿ ಸೇನಾ ಭರ್ತಿ ನಡೆದಾಗ ಓಟದಲ್ಲಿ ಪಾಸಾಗಿ ಎದೆ ಅಳತೆಯಲ್ಲಿ ಫೇಲಾದ. ಮುಂದಿನ ಸಲ ಎದೆ ಉಬ್ಬಿಸಿದ, ಹಲ್ಲು ಸರಿಯಿಲ್ಲ ಅಂತ ಕಳಿಸಿದರು. ಅಷ್ಟರಲ್ಲಿ ವಯಸ್ಸು ಮೀರಿತು. ಕೊಬ್ಬರಿ ಅಂಗಳದಲ್ಲಿ ಅಪ್ಪನ ಜೊತೆ ಕೂರಲಾರೆ ಅಂತ ಪೋಲೆಂಡಿನ ಯಾವುದೋ ಗೋಡೌನಿನಲ್ಲಿ ಡಬ್ಬ ಎತ್ತುವ ಕೆಲಸಕ್ಕೆ ಅರ್ಜಿ ಹಾಕಿದ. ವೀಸಾ ಕೊಡಲಿಲ್ಲ. ಬಂದವನು ಕೆಲಸ ಮುಗಿಸಿ ವಾಪಸು ಹೋಗುತ್ತಾನೆ ಅನ್ನುವ ನಂಬಿಕೆ ಅವರಿಗಿರಲಿಲ್ಲವಂತೆ. ಇನ್ನೊಂದು ದೇಶಕ್ಕೆ ಹಾಕಿದ, ಅಲ್ಲೂ ಅದೇ ಉತ್ತರ ಬಂತು.

ಆಗ ಒಬ್ಬ ಏಜೆಂಟು ಗಂಟುಬಿದ್ದ. ಈ ಕಡೆಯ ಬಾಗಿಲು ಹಾಕಿದೆ, ರಷ್ಯಾ ಕಡೆಯದು ತೆಗೆದಿದೆ, ಸೈನ್ಯದ ಅಡುಗೆಮನೆಯಲ್ಲಿ ಸಹಾಯಕನ ಕೆಲಸ, ಬಂದೂಕು ಮುಟ್ಟುವುದೇ ಬೇಡ ಅಂದ. ನಮ್ಮ ಹುಡುಗ ಹೋದ. ಇಳಿದ ವಾರದಲ್ಲೇ ಕೈಗೆ ಬಂದೂಕು ಕೊಟ್ಟರು. ಎದೆ ಅಳತೆ ಯಾರೂ ತೆಗೆಯಲಿಲ್ಲ, ಹಲ್ಲು ಯಾರೂ ನೋಡಲಿಲ್ಲ. ಡಬ್ಬ ಎತ್ತುತ್ತೇನೆ ಅಂದವನಿಗೆ ಬೇಡ ಅಂದ ಪ್ರಪಂಚ, ಸಾಯುವುದಕ್ಕೆ ಮಾತ್ರ ಬಾರಪ್ಪ ರಾಜ ಅಂತ ಕರೆದುಕೊಂಡಿತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅವನ ಕೊನೆಯ ಮಾತು ನನ್ನ ಫೋನಿನಲ್ಲಿದೆ. "ಅತ್ತೆ, ನೀವು ಮೊದಲನೇ ಮಹಾಯುದ್ಧ ಪಾಠ ಮಾಡೋವಾಗ ಕಂದಕದ ಚಿತ್ರ ತೋರಿಸ್ತಿದ್ರಲ್ಲ, ಕೆಸರು, ಇಲಿ, ಮರದ ಅಲಗೆ. ಅದೇ ಕಣತ್ತೆ. ಒಂಚೂರೂ ಬದಲಾಗಿಲ್ಲ. ನಾನು ಆ ಚಿತ್ರದೊಳಗೆ ಇದೀನಿ. ಅಪ್ಪಂಗೆ ಏಳ್ಬೇಡಿ. ಅವ್ವಂಗೆ ಊಟ ಚೆನ್ನಾಗದೆ ಅನ್ನಿ." ಹೋದ ಮಾಗಿಯಲ್ಲಿ ಬಂದದ್ದು ಅದು. ಆಮೇಲೆ ಸುದ್ದಿಯಿಲ್ಲ. ರಾಯಭಾರ ಕಚೇರಿಗೆ ಫೋನು ಮಾಡಿ ವಿಚಾರಿಸಿದಾಗಲೆಲ್ಲ ಕಾಣೆಯಾಗಿದ್ದಾನೆ, ಹುಡುಕುತ್ತಿದ್ದಾರೆ ಅನ್ನುತ್ತಾರೆ. ಯಾರು ಹುಡುಕುತ್ತಿದ್ದಾರೆ, ಎಲ್ಲಿ ಹುಡುಕುತ್ತಿದ್ದಾರೆ ಅಂದರೆ ಲೈನು ಕಟ್ಟಾಗುತ್ತದೆ.

ದಿಲೀಪನ ಅಮ್ಮ ಪಾರ್ವತಮ್ಮ ಅವತ್ತಿನಿಂದ ಮಾತು ಕಡಿಮೆ ಮಾಡಿದಳು. ಈಗಂತೂ ಹೂಂ, ಉಹೂಂ ಅಷ್ಟೇ.

ಎಡೆ ಅಂದರೆ ನನಗೇಕೆ ಅಷ್ಟು ಸಿಟ್ಟು ಅಂತ ನಿಮಗೆ ಅನ್ನಿಸಬಹುದು. ಹಿರಿಯರ ಹಬ್ಬದಲ್ಲಿ ಎಲ್ಲರ ಮನೆಯಲ್ಲೂ ಇಡುತ್ತಾರೆ. ಸತ್ತವರಿಗೆ ಒಬ್ಬೊಬ್ಬರಿಗೆ ಒಂದೊಂದು ಎಲೆ, ಹೊಸ ಬಟ್ಟೆ, ಅವರು ಇಷ್ಟಪಡುತ್ತಿದ್ದ ಅಡುಗೆ. ಧೂಪ ಹಾಕಿ, ಮನೆಮಂದಿಯೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿದರೆ, ಅವರು ಬಂದು ಉಂಡುಹೋಗುತ್ತಾರೆ ಅನ್ನುವ ನಂಬಿಕೆ. ಚೆಂದದ ಹಬ್ಬವೇ. ಆದರೆ ನಮ್ಮ ಮನೆಗೆ ಇನ್ನೊಂದು ಕಟ್ಟು ಇದೆ. ಒಂದು ಸಲ ಎಡೆ ಇಟ್ಟ ಮೇಲೆ ಅವನು ಸತ್ತವನೇ. ಮತ್ತೆ ಹೊಸಲು ದಾಟುವ ಹಾಗಿಲ್ಲ.

ಇದು ಬಾಯಿಮಾತಲ್ಲ. ನಮ್ಮ ಮುತ್ತಜ್ಜ ಸಣ್ಣತಮ್ಮೇಗೌಡ ಮೈಸೂರು ದಂಡಿನ ಕುದುರೆ ನೋಡಿಕೊಳ್ಳುವವನಾಗಿ ಆ ಮೊದಲನೇ ಮಹಾಯುದ್ಧಕ್ಕೇ ಹೋಗಿದ್ದ, ಈಜಿಪ್ಟಿನ ಕಡೆಗೆ. ಅವನ ಜೊತೆ ಹೋಗಿ ವಾಪಸಾದ ಒಬ್ಬ, ಅವನು ಮರಳಲ್ಲಿ ಸತ್ತ ಅಂತ ಹೇಳಿದ. ಮನೆಯವರು ಅತ್ತರು, ಹೆಂಡತಿಯ ಬಳೆ ಒಡೆದರು, ಅಮಾವಾಸ್ಯೆಗೆ ಎಡೆ ಇಟ್ಟರು. ಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ ಒಂದು ಮಧ್ಯಾಹ್ನ ಆಸ್ಪತ್ರೆಯ ಕಂಬಳಿ ಹೊದ್ದುಕೊಂಡು ಆಸಾಮಿ ಅಂಗಳಕ್ಕೆ ಬಂದು ನಿಂತ. ಅಣ್ಣನಾದವನು ಬಾಗಿಲಿಗೆ ಅಡ್ಡ ನಿಂತು, "ಎಡೆ ಇಕ್ಕಾಗದೆ ಕಣಪ್ಪ, ಏನ್ಮಾಡಾದು" ಅಂದನಂತೆ. ಯಾರದೋ ಸಾಮ್ರಾಜ್ಯ ಗೆದ್ದುಕೊಟ್ಟು ಬಂದವನಿಗೆ ಸ್ವಂತ ಮನೆಯ ಹೊಸಲು ದಾಟಲಾಗಲಿಲ್ಲ. ಕೊಟ್ಟಿಗೆ ಕಡೆಯ ಜಗುಲಿಯ ಮೇಲೆ ಇದ್ದು, ಹೊರಗೆ ಹಾಕಿದ್ದನ್ನು ಉಂಡು, ಎತ್ತುಗಳ ಜೊತೆ ಯಾವುದೋ ದೇಶದ ಭಾಷೆಯಲ್ಲಿ ಮಾತಾಡಿಕೊಂಡು ಅಲ್ಲೇ ಸತ್ತ. ಹೆಂಡತಿ ಬಾಗಿಲ ಒಳಗಿನಿಂದ ಅವನನ್ನು ನೋಡುತ್ತಾ ಮುದುಕಿಯಾದಳು. ಇವತ್ತಿಗೂ ಹಬ್ಬದ ದಿನ ಆ ಜಗುಲಿಯ ಮೇಲೆ ಒಂದು ಎಲೆ ಹಾಕುತ್ತಾರೆ. ಅದು ಯಾರದು ಅಂತ ಕೇಳಿದ ಮಕ್ಕಳ ತಲೆಗೆ ಮೊಟಕುತ್ತಾರೆ. ನನಗೆ ಹೇಳಿದವಳು ನಮ್ಮಜ್ಜಿ, ಅದೂ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು.

ಇಂಥ ಮನೆಯಲ್ಲಿ ದಿಲೀಪನಿಗೆ ಎಡೆ ಇಡುತ್ತಾರಂತೆ. ನಾಳೆ ಅವನು ಬಂದರೆ?

ಅಮಾವಾಸ್ಯೆಯ ದಿನ ಮಧ್ಯಾಹ್ನಕ್ಕೇ ಊರು ಸೇರಿದೆ. ಅಂಗಳದ ತುಂಬ ಕಾಯಿ ಸಿಪ್ಪೆ. ಕಾಯಿ ಸುಲಿಯುವ ಅಸ್ಸಾಮಿನ ಹುಡುಗರಿಗೆ ರಜಾ ಕೊಟ್ಟಿದ್ದರು. ಒಳಗೆ ಬಾಡು ಬೇಯುತ್ತಿತ್ತು, ವಡೆ ಕರಿಯುವ ವಾಸನೆ ಬೀದಿಗೆ ಬರುತ್ತಿತ್ತು. ನಡುಮನೆಯಲ್ಲಿ ದೇವರಾಜನ ಅಳಿಯ ರಜನೀಶ್ ಕುರ್ಚಿಯ ಮೇಲೆ ಕೂತು ಫೋನಿನಲ್ಲಿ ಯಾರೋ ಇಂಗ್ಲಿಷಿನವನ ಭಾಷಣ ಕೇಳುತ್ತಿದ್ದ. ದಿಲೀಪನ ಅಕ್ಕ ಶಿವರಂಜನಿಯನ್ನು ಮದುವೆಯಾದವನು, ಹಾಸನದ ಕಾಲೇಜೊಂದರಲ್ಲಿ ಮೇಷ್ಟ್ರು. ಹತ್ತನೇ ಕ್ಲಾಸಿನಲ್ಲಿ ನನ್ನ ಕೈಯಲ್ಲೇ ಓದಿದ್ದ. ಈಗ ಕಂಡಕಂಡ ಸಭೆಯಲ್ಲಿ 'ಯುದ್ಧಗಳ ಇತಿಹಾಸ ಕಲಿಸುವ ಪಾಠ' ಅಂತ ಮಾತಾಡುತ್ತಾನೆ, ಶಾಲು ಹೊದಿಸಿಕೊಂಡು ಬರುತ್ತಾನೆ.

ದೇವರಾಜ ಒಂದು ಮೂಲೆಯಲ್ಲಿ ಹೊಸ ಟ್ರ್ಯಾಕ್ ಪ್ಯಾಂಟನ್ನು ಮಡಿಸಿ ತಟ್ಟೆಯಲ್ಲಿ ಇಡುತ್ತಿದ್ದ. ಬಿಳಿ ಪಟ್ಟೆಯ ನೀಲಿ ಪ್ಯಾಂಟು. ದಿಲೀಪ ಓಡುವಾಗ ಹಾಕಿಕೊಳ್ಳುತ್ತಿದ್ದ ಥರದ್ದು. ಅದನ್ನು ನೋಡಿದ್ದೇ ನನಗೆ ಸಿಟ್ಟು ನೆತ್ತಿಗೇರಿತು.

"ಎತ್ತೋ ಅದನ್ನ" ಅಂದೆ.

"ಅಕ್ಕ, ಕೂತ್ಕ. ನೀರು ಕುಡಿ."

"ನೀರು ಕುಡಿಯೋಕೆ ಬಂದಿಲ್ಲ ನಾನು. ಆ ಬಟ್ಟೆ ಎತ್ತು. ಹೆಣ ನೋಡಿದ್ಯಾ? ಬೂದಿ ನೋಡಿದ್ಯಾ? ಯಾರಾದ್ರೂ ಸತ್ತ ಅಂತ ಬಾಯಿಬಿಟ್ಟು ಹೇಳಿದ್ರಾ?"

ದೇವರಾಜ ತಲೆಯೆತ್ತಲಿಲ್ಲ. "ಅರಕಲಗೂಡು ತಾವ ಶಾಸ್ತ್ರ ಕೇಳ್ಸಿದೆ ಕಣಕ್ಕ. ಅಸ್ಕಂಡು ಅಲೀತಾವ್ನೆ ಅಂದ್ರು. ಯಾವ ಬಾಗ್ಲಿಗೋದ್ರೂ ಇಕ್ಕೋರಿಲ್ವಂತೆ. ನಾನು ಅಪ್ಪ ಕಣಕ್ಕ. ಮಗ ಅಸ್ಕಂಡವ್ನೆ ಅಂದ್ರೆ ನಾನೆಂಗೆ ಉಣ್ಲಿ?" ಅಂದ. ಕಣ್ಣು ಒರೆಸಿಕೊಳ್ಳಲೂ ಇಲ್ಲ, ನೀರು ಮೂಗಿನ ತುದಿಯಿಂದ ಪ್ಯಾಂಟಿನ ಮೇಲೆ ತೊಟ್ಟಿಕ್ಕಿತು.

ಅವನ ಮೇಲೆ ಕೂಗಾಡಲು ನನ್ನಿಂದ ಆಗಲಿಲ್ಲ. ಅಷ್ಟರಲ್ಲಿ ರಜನೀಶ್ ಬಾಯಿ ಹಾಕಿದ, ಪುಣ್ಯಾತ್ಮ.

"ಮಿಸ್, ಭಾವನಾತ್ಮಕವಾಗಿ ಯೋಚನೆ ಮಾಡಬೇಡಿ. ಒಂದು ಹಂತದಲ್ಲಿ ಇದಕ್ಕೆ ಕೊನೆ ಹಾಡ್ಬೇಕು. ದಿಲೀಪ ಅಡ್ಡದಾರಿ ಹಿಡಿದ. ಯುರೋಪಿನವರು ಗಡಿ ಬಿಗಿ ಮಾಡಿದಾರೆ ಅಂದ್ರೆ ತಪ್ಪೇನಿದೆ? ರೋಮ್ ಬಿದ್ದಿದ್ದೇ ಹೊರಗಿನವರನ್ನ ಬಿಟ್ಕೊಂಡಿದ್ದಕ್ಕೆ, ತನ್ನ ಮೇಲೆ ತನಗೆ ನಂಬಿಕೆ ಹೋಗಿದ್ದಕ್ಕೆ. ಮಿಲಿಟರಿ ಇತಿಹಾಸ ನೋಡಿ, ತನ್ನ ಬಾಗಿಲು ಕಾಯದ ನಾಗರಿಕತೆ ಒಂದೂ ಉಳಿದಿಲ್ಲ."

"ಯಾವ ಯುದ್ಧದಲ್ಲಪ್ಪ ರೋಮ್ ಬಿದ್ದದ್ದು? ಶುರು ಎಲ್ಲಿ?"

"ಅದೇ... ಗೋಥ್ ಜನಾಂಗ..."

"ಗೋಥ್ ಜನಾಂಗ! ಆ ಜನ ಹೂಣರ ಏಟಿಗೆ ಮನೆಮಠ ಬಿಟ್ಟು ಡ್ಯಾನ್ಯೂಬ್ ಹೊಳೆ ದಂಡೆಗೆ ಬಂದು, ಇರೋಕೆ ಜಾಗ ಕೊಡಿ, ನಿಮ್ಮ ಸೈನ್ಯದಲ್ಲಿ ದುಡೀತೀವಿ ಅಂತ ಕೈಮುಗಿದ್ರು. ಒಳಗೆ ಬಿಟ್ಕೊಂಡ್ರಲ್ಲ ನಿನ್ನ ರೋಮಿನ ಅಧಿಕಾರಿಗಳು, ಅವರಿಗೆ ಏನು ಹಾಕಿದ್ರು ತಿನ್ನೋಕೆ? ನಾಯಿ ಮಾಂಸ! ಒಂದು ನಾಯಿಗೆ ಒಂದು ಮಗು. ಹಸಿದ ಅಪ್ಪಂದಿರು ಮಕ್ಕಳನ್ನ ಗುಲಾಮರಾಗಿ ಕೊಟ್ಟು ನಾಯಿ ತಗೊಂಡ್ರು. ಆಮೇಲೆ ಆ ಅಪ್ಪಂದಿರೇ ತಿರುಗಿಬಿದ್ದು ಚಕ್ರವರ್ತೀನೇ ಕೊಂದು ಹಾಕಿದ್ರು. ಹೊರಗಿನವರು ಬಂದದ್ದಕ್ಕಲ್ಲ ಕಣಯ್ಯ ಕೇಡು ಬಂದದ್ದು, ಬಂದವರನ್ನ ನಡೆಸಿಕೊಂಡ ರೀತಿಗೆ. ನಿನ್ನ ಆ ಫೋನಿನ ಪಂಡಿತ ನಾಯಿ ವಿಚಾರ ಹೇಳಿದ್ನಾ? ಹೇಳಲ್ಲ. ಹೇಳಿದ್ರೆ ಶಾಲು ಹೊದಿಸಲ್ಲ."

ಶಿವರಂಜನಿ ಅಡುಗೆಮನೆಯ ಬಾಗಿಲಿಗೆ ಬಂದು, "ಅತ್ತೆ, ಮೆಲ್ಲಗೆ. ಅಕ್ಕಪಕ್ಕದೋರು ಕೇಳ್ತಾರೆ" ಅಂದಳು.

"ಕೇಳ್ಲಿ! ದಂಡಿಗೆ ಜನ ಬೇಕಾದಾಗ ಇವರಿಗೆ ಗಡಿ ಇಲ್ಲ, ವೀಸಾ ಇಲ್ಲ. ನಮ್ಮ ಮುತ್ತಜ್ಜನ್ನ ಹಡಗಿಗೆ ಹತ್ತಿಸುವಾಗ ನೀನು ವಾಪಸು ಹೋಗ್ತೀಯಾ ಅಂತ ಯಾರಾದ್ರೂ ಕೇಳಿದ್ರಾ? ಹೋಗದೆ ಇದ್ರೇ ಅನುಕೂಲ ಅವರಿಗೆ. ಬದುಕ್ತೀನಿ ಅಂತ ಬಂದೋನಿಗೆ ಬೇಲಿ, ಸಾಯ್ತೀನಿ ಅಂತ ಬಂದೋನಿಗೆ ಬಾಗಿಲು. ಆಮೇಲೆ ಪ್ರಪಂಚದಲ್ಲಿ ನೆಮ್ಮದಿ ಇಲ್ಲ ಅಂತ ಭಾಷಣ ಮಾಡ್ತಾರೆ, ನೀನು ಕೂತ್ಕೊಂಡು ಕೇಳ್ತೀಯ!"

ರಜನೀಶ್ ಮುಖ ಕೆಂಪಗಾಯಿತು. "ಮಿಸ್, ನೀವು ಅವರನ್ನ ಬೈತೀರ. ನಿಮ್ಮ ಮನೆಯವರೇ ಆ ಅಜ್ಜನ್ನ ಒಳಗೆ ಬಿಟ್ಕೊಳ್ಳಲಿಲ್ಲ ಅಲ್ವಾ? ಶಿವು ಹೇಳಿದಾಳೆ."

ಆ ಮಾತು ನಡುಮನೆಯ ಮಧ್ಯೆ ಬಿತ್ತು. ದೇವರಾಜ ಪ್ಯಾಂಟನ್ನು ಅಲ್ಲೇ ಬಿಟ್ಟು ನನ್ನನ್ನು ನೋಡಿದ. ಶಿವರಂಜನಿ ನೆಲ ನೋಡಿದಳು. ಅವನು ಹೇಳಿದ್ದು ನಿಜ. ಒಂದು ನಿಜ ಹೇಳಿದನಲ್ಲ ಅಂತ ಅವನ ಮೇಲೆ ಇನ್ನಷ್ಟು ರೇಗಿತು.

"ಅದಕ್ಕೇ ಕಣೋ ಬಂದಿರೋದು" ಅಂದೆ. "ಇನ್ನೊಬ್ಬನನ್ನ ಆ ಜಗುಲಿ ಮೇಲೆ ಕೂರಿಸ್ಬೇಡಿ ಅಂತ."

ಯಾರೂ ಕೇಳಲಿಲ್ಲ. ದೇವರಾಜ ಸುಮ್ಮನೆ ಎದ್ದು ಎಲೆ ಹಾಕತೊಡಗಿದ. ನಮ್ಮಪ್ಪನಿಗೆ ಒಂದು, ಅಮ್ಮನಿಗೆ ಒಂದು, ಅಜ್ಜ ಅಜ್ಜಿಗೆ ಎರಡು. ಆ ಸಾಲಿನ ಕೊನೆಯಲ್ಲಿ ದಿಲೀಪನಿಗೆ. ಅಪ್ಪನ ಎಲೆಯ ಪಕ್ಕ ಬೀಡಿಕಟ್ಟು, ಅಮ್ಮನ ಎಲೆಯ ಪಕ್ಕ ಹೊಗೆಸೊಪ್ಪು, ದಿಲೀಪನ ಎಲೆಯ ಪಕ್ಕ ಆ ಪ್ಯಾಂಟು. ಪಾರ್ವತಮ್ಮ ಒಳಗಿನಿಂದ ಬಂದು ಬಡಿಸುತ್ತಾ ಹೋದಳು. ಮುದ್ದೆ, ಬಾಡಿನ ಸಾರು, ಅನ್ನ, ವಡೆ, ಪಾಯಸ. ಬೇರೆ ಎಲೆಗಳಿಗೆಲ್ಲ ಚಕಚಕ ಬಡಿಸಿದಳು. ದಿಲೀಪನ ಎಲೆಯ ಮುಂದೆ ಮಾತ್ರ ಕೂತಳು. ಮುದ್ದೆಯನ್ನು ಚಿಕ್ಕ ಮಕ್ಕಳಿಗೆ ಮುರಿದು ಇಡುವ ಹಾಗೆ ಮುರಿದು ಇಟ್ಟಳು. ಅವಳ ಮುಖ ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ. ಇವಳಾದರೂ ಬೇಡ ಅನ್ನಬಾರದೇ ಅಂತ ಅವಳ ಮೇಲೂ ಕೋಪ ಬಂತು.

ಆಮೇಲೆ ಜಗುಲಿಯ ಎಲೆಗೂ ಬಡಿಸಿ ಬಂದರು. ದೇವರಾಜ ಧೂಪ ಹಾಕಿದ. ಎಲ್ಲರೂ ಕೈಮುಗಿದು ಒಬ್ಬೊಬ್ಬರಾಗಿ ಹೊರಗೆ ನಡೆದರು. ಕೊನೆಯವಳಾಗಿ ನಾನು ಹೊಸಲ ಹತ್ತಿರ ಬಂದೆ. ದೇವರಾಜ ಬಾಗಿಲು ಎಳೆದುಕೊಳ್ಳಲು ಹೊರಗೆ ನಿಂತಿದ್ದ.

ನಾನೇ ಬಾಗಿಲು ಹಾಕಿದೆ. ಒಳಗಿನಿಂದ. ಅಗುಳಿ ಜಡಿದೆ.

"ಅಕ್ಕೋ! ಏನ್ಮಾಡ್ತಿದೀಯೆ? ತೆಗಿಯೆ! ಇರೀಕರು ಬರೋ ವೊತ್ತು!" ಅಂತ ಅವನು ಬಾಗಿಲು ಬಡಿದ. ರಜನೀಶ್ ಏನೋ ಅಂದ, ಶಿವರಂಜನಿ ಅಳುವುದು ಕೇಳಿಸಿತು. ನಾನು ಹೋಗಿ ದಿಲೀಪನ ಎಲೆಯ ಮುಂದೆ ಚಕ್ಕಂಬಕ್ಕಲ ಹಾಕಿಕೊಂಡು ಕೂತೆ. ಮಂಡಿ ಚಳಕ್ ಅಂದಿತು. ಕೈತೊಳೆಯಲೂ ಇಲ್ಲ. ಮುರಿದಿಟ್ಟಿದ್ದ ಮುದ್ದೆಯನ್ನು ಸಾರಿಗೆ ಅದ್ದಿ ಬಾಯಿಗಿಟ್ಟೆ. ಬದುಕಿರುವವರು ಉಂಡು ಎಂಜಲು ಮಾಡಿದ ಎಲೆ ಸತ್ತವರಿಗೆ ಸಲ್ಲುವುದಿಲ್ಲ. ಎಡೆ ಕೆಟ್ಟಿತು ಅಂದರೆ ಎಡೆ ಇಟ್ಟ ಹಾಗೇ ಆಗಲಿಲ್ಲ. ಈ ಕಟ್ಟೂ ನಮ್ಮ ಮನೆಯದೇ. ನಿಮ್ಮ ಕಟ್ಟಿನಿಂದಲೇ ನಿಮ್ಮ ಕಟ್ಟು ಮುರಿಯುತ್ತೇನೆ, ಏನು ಮಾಡಿಕೊಳ್ಳುತ್ತೀರೋ ಮಾಡಿಕೊಳ್ಳಿ ಅಂತ ಗಬಗಬ ನುಂಗಿದೆ.

ಎರಡು ತುತ್ತು ಸಿಟ್ಟಿನಲ್ಲೇ ಇಳಿದವು. ಮೂರನೆಯದನ್ನು ಬಾಯಿಗಿಟ್ಟು ತಲೆಯೆತ್ತಿದೆ.

ಧೂಪದ ಹೊಗೆಯಲ್ಲಿ ನಡುಮನೆ ಮಸುಕಾಗಿತ್ತು. ಅಪ್ಪನ ಎಲೆ, ಅಮ್ಮನ ಎಲೆ, ಯಾರೂ ಕೂರದ ಸಾಲು. ಅವನು ನಿಜವಾಗಿಯೂ ಸತ್ತಿದ್ದರೆ? ಆ ಕೆಸರಿನಿಂದ ಎದ್ದು, ಯಾವ ದೇಶದ ಬಾಗಿಲಲ್ಲೂ ತುತ್ತು ಸಿಗದೆ, ಇಷ್ಟು ದೂರ ನಡೆದುಕೊಂಡು ಬಂದು, ಈಗ ಇಲ್ಲೇ ನನ್ನ ಪಕ್ಕದಲ್ಲಿ ನಿಂತಿದ್ದರೆ? ಅವರಮ್ಮ ಅವನಿಗೆ ಅಂತ ಮುರಿದಿಟ್ಟ ಮುದ್ದೆಯನ್ನು ಅವನ ಅತ್ತೆ ತಿನ್ನುವುದನ್ನು ನೋಡುತ್ತಿದ್ದರೆ? ಇಷ್ಟು ಹೊತ್ತು ಅರಚಾಡಿದವಳಿಗೆ ಅವನು ಬದುಕಿದ್ದಾನೆ ಅಂತ ಗ್ಯಾರಂಟಿ ಎಲ್ಲಿತ್ತು? ನನಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

"ದಿಲೀಪ, ಬೇಜಾರು ಮಾಡ್ಕಬೇಡ ಕಣೋ ಮಗ" ಅಂದೆ, ಬಾಯಿತುಂಬ ತುತ್ತು ಇಟ್ಟುಕೊಂಡು. "ನೀನು ಬರ್ತೀಯ ಅಂತ ತಿಂತಿದೀನಿ." ಅಳು ಬಂತು. ಅಳುತ್ತಲೇ ಇನ್ನೊಂದು ತುತ್ತು ಕಲೆಸಿದೆ.

ಬಾಗಿಲು ಬಡಿಯುವುದು ನಿಂತಿತು. ನಾನೇ ಎದ್ದು ಎಂಜಲು ಕೈಯಲ್ಲೇ ಅಗುಳಿ ತೆಗೆದೆ. ಮೊದಲು ಒಳಗೆ ನುಗ್ಗಿದವನು ದೇವರಾಜ. ನನ್ನ ಕೈ ನೋಡಿದ, ಅರ್ಧ ಖಾಲಿಯಾದ ಎಲೆ ನೋಡಿದ. ಕೈಯೆತ್ತಿದ. ಹೊಡೆಯಲಿ ಅಂತಲೇ ನಿಂತೆ. ಕೈ ಅಲ್ಲೇ ನಿಂತು ಕೆಳಗಿಳಿಯಿತು.

"ನನ್ ಮಗನ್ನ ಉಪವಾಸ ಕೆಡವಿಬುಟ್ಟೆಯಲ್ಲೆ" ಅಂದ. ಗೋಡೆಗೆ ಒರಗಿ ಕುಸಿದು ಕೂತ.

ರಜನೀಶ್ ಹೊಸಲಾಚೆಯಿಂದ, "ಓದಿದೋರು ಮಾಡೋ ಕೆಲಸನಾ ಇದು ಮಿಸ್? ಈಗ ಎಡೆ ಮತ್ತೆ ಬೇರೆ ಇಡ್ಬೇಕು" ಅಂದ. ಪಾರ್ವತಮ್ಮನ ಕಡೆ ತಿರುಗಿ, "ಅತ್ತೆ, ಇನ್ನೊಂದು ಎಲೆ ತನ್ನಿ" ಅಂದ.

ಪಾರ್ವತಮ್ಮ ಒಳಗೆ ಬಂದಳು. ಯಾರನ್ನೂ ನೋಡದೆ ಅಡುಗೆಮನೆಗೆ ಹೋದಳು. ಎಲೆ ತರಲು ಹೋದಳು ಅಂದುಕೊಂಡೆ. ಇನ್ನೊಂದು ಎಲೆ ಹಾಕಿದರೆ ಅದನ್ನೂ ತಿನ್ನುವ ಶಕ್ತಿ ನನಗೆ ಉಳಿದಿರಲಿಲ್ಲ.

ಅವಳು ಎಲೆ ತರಲಿಲ್ಲ. ಒಂದು ಕೈಯಲ್ಲಿ ಅನ್ನದ ಪಾತ್ರೆ, ಇನ್ನೊಂದರಲ್ಲಿ ಸಾರಿನ ಬೋಗುಣಿ ಹಿಡಿದು ಬಂದಳು. ಅವನ್ನು ಕೆಳಗಿಟ್ಟು, ನನ್ನ ಭುಜ ಒತ್ತಿ ದಿಲೀಪನ ಎಲೆಯ ಮುಂದೆ ಕೂರಿಸಿದಳು. ತಟ್ಟೆಯಲ್ಲಿದ್ದ ಆ ಪ್ಯಾಂಟು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಲೆಯ ಮೇಲೆ ಬಿಸಿ ಅನ್ನ ಹಾಕಿ, ಸಾರು ಸುರಿದು, ಎದುರಿಗೆ ಕೂತಳು. ಅವಳ ದನಿ ಕೇಳಿ ಎಷ್ಟೋ ದಿನವಾಗಿತ್ತು.

"ಉಣ್ಣಕ್ಕ" ಅಂದಳು. "ಪೂರ್ತಿ ಉಣ್ಣು. ಒಂದಗುಳೂ ಬುಡ್ಬ್ಯಾಡ."